ಬಾಗಿಲಾಚೆ ಕೂತ ಆಯಮ್ಮ

ಆಯಮ್ಮನ ಎಡ ಮುಂಗೈ ಮೇಲೆ ಅರ್ಧಚಂದ್ರದಂಥ ಒಂದು ಕಲೆಯಿತ್ತು. ಅದು ನನ್ನ ಹಲ್ಲುಗಳ ಗುರುತು. ಹೊನ್ನಾಳಿಯ ದಿಕ್ಕಿಲ್ಲದ ಮಕ್ಕಳ ಮನೆಗೆ ಬಂದ ಎರಡನೇ ದಿನ, ತಲೆ ಬಾಚಲು ಕೂರಿಸಿಕೊಂಡವರನ್ನು ರಕ್ತ ಬರುವಂತೆ ಕಚ್ಚಿದ್ದೆ. ಅವರು ಕೈ ಕಿತ್ತುಕೊಳ್ಳಲಿಲ್ಲ, ಹೊಡೆಯಲಿಲ್ಲ. ನಾನಾಗಿ ಬಿಡುವವರೆಗೂ ಸುಮ್ಮನಿದ್ದರು. ಆಮೇಲೆ ಅರಿಸಿನ ಒತ್ತಿಕೊಳ್ಳುತ್ತ, "ಕೇಳ್ದೆ ಮುಟ್ಟಿದ್ದು ನಂದೇ ತಪ್ಪು ಕಣವ್ವ," ಎಂದರು.

ಆಗ ನನಗೆ ಒಂಬತ್ತು ವರ್ಷ. ಅಪ್ಪ ತೀರಿಕೊಂಡ ಮೇಲೆ ಅವ್ವ ಮರುಮದುವೆಯಾಗಿ ಹೋಗಿದ್ದಳು. ಜಗಳೂರಿನ ಅಜ್ಜಿ, ಆಮೇಲೆ ಚಿಕ್ಕಮ್ಮ, ಆಮೇಲೆ ಸೋದರಮಾವ ಎಂದು ಮನೆಯಿಂದ ಮನೆಗೆ ದಾಟಿ, ಯಾರ ಕೈಗೂ ಸಿಗದ ಹುಡುಗಿ ಅನ್ನಿಸಿಕೊಂಡು ಅಲ್ಲಿಗೆ ಬಂದಿದ್ದೆ. ಅಲ್ಲಿದ್ದ ಆರು ಹುಡುಗಿಯರೂ ಅಂಥವರೇ. ವಾರಕ್ಕೆರಡು ಸಲ ದಾವಣಗೆರೆಯಿಂದ ಕೌನ್ಸೆಲರ್ ಮೇಡಂ ಬಂದು, ಬೊಂಬೆ, ಬಣ್ಣ ಹರಡಿಕೊಂಡು ನಮ್ಮನ್ನು ಮಾತಾಡಿಸುತ್ತಿದ್ದರು. ಉಳಿದ ಹೊತ್ತೆಲ್ಲ ನಮ್ಮನ್ನು ನೋಡಿಕೊಳ್ಳುತ್ತಿದ್ದುದು ಆಯಮ್ಮನೇ. ಸವಳಂಗದವರು, ಏಳನೇ ಕ್ಲಾಸು ಓದಿದ್ದರು. ನಾನು ತಟ್ಟೆ ಎಸೆದರೆ ಇನ್ನೊಂದು ತಟ್ಟೆ ತರುತ್ತಿದ್ದರು. ಮಂಚದಡಿ ಸೇರಿಕೊಂಡರೆ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಯಾರಾದರೂ ನನ್ನನ್ನು ಹೊರಗೆ ಎಳೆಯಲು ಬಂದರೆ, "ಎಳೀಬ್ಯಾಡ್ರಿ, ತಾನಾಗೇ ಬರ್ಲಿ," ಎನ್ನುತ್ತಿದ್ದರು.

ತಿಂಗಳಿಗೊಂದು ಭಾನುವಾರ ಊರಿಗೆ ಹೊರಟಾಗ ಮಂಚದಡಿಗೆ ಬಗ್ಗಿ ಹೇಳುವರು: "ನಾಳೆ ಹತ್ತರ ಬಸ್ಸಿಗೆ ಬರ್ತೀನಿ. ಬರಾಕೆ ಆಗ್ದಿದ್ರೆ ಫೋನ್ ಮಾಡ್ತೀನಿ. ಹೇಳ್ದೆ ಕೇಳ್ದೆ ಎಲ್ಲೂ ಹೋಗಾಕಿಲ್ಲ." ಎರಡು ವರ್ಷ ಆ ಮಾತು ತಪ್ಪಲಿಲ್ಲ. ನಾನು ನಂಬಿದ್ದೆ ಅಂತಲ್ಲ. ಆದರೆ ಸೋಮವಾರ ಬೆಳಗ್ಗೆ ಗೇಟಿನ ಹತ್ತಿರ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ. ಒಂದು ದಿನ ಜಡೆ ಹಾಕಿಸಿಕೊಳ್ಳುತ್ತ ಅವರ ಮೊಣಕಾಲಿಗೆ ಒರಗಿ ನಿದ್ದೆಹೋದೆನಂತೆ. ಕಾಲು ಜೋಮು ಹಿಡಿದರೂ ಅವರು ಏಳಲಿಲ್ಲವಂತೆ.

ಆಮೇಲೊಂದು ಸೋಮವಾರ ಅವರು ಬರಲಿಲ್ಲ. ಫೋನೂ ಬರಲಿಲ್ಲ. ಲಕ್ವ ಹೊಡೆದು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾರೆ ಎಂದು ಮೇಡಂ ಹೇಳಿದರು. ನಾನು ನಂಬಲಿಲ್ಲ. ಒಬ್ಬರು ಬಿಟ್ಟುಹೋದಾಗಲೆಲ್ಲ ಇನ್ನೊಬ್ಬರು ಇಂಥದ್ದೇ ಏನಾದರೂ ಹೇಳಿದ್ದರು.

ಮೂರು ತಿಂಗಳ ಮೇಲೆ ಆಯಮ್ಮ ಬಂದರು. ಮಗಳ ಹೆಗಲು ಹಿಡಿದು, ಬಲಗಾಲು ಎಳೆಯುತ್ತ ಗೇಟು ದಾಟುವುದನ್ನು ಕಿಟಕಿಯಲ್ಲಿ ಕಂಡವಳೇ ಓಡಿಹೋಗಿ ಬಚ್ಚಲುಮನೆಯ ಚಿಲಕ ಹಾಕಿಕೊಂಡೆ. ಅವರು ಬಾಗಿಲಾಚೆ ಕುರ್ಚಿ ಹಾಕಿಸಿಕೊಂಡು ಕೂತರು. ಮಾತು ತೊದಲುತ್ತಿತ್ತು.

"ನಾ... ಬಂದೀನಿ," ಎಂದರು. ಬಹಳ ಹೊತ್ತಿನ ಮೇಲೆ, "ಫೋನ್ ಮಾಡಾಕೆ... ಬಾಯಿ ಬರ್ಲಿಲ್ಲವ್ವ."

ನನಗೆ ಬಾಗಿಲು ತೆಗೆಯಬೇಕು ಅನ್ನಿಸಿತ್ತು. ಇದನ್ನು ಯಾರೂ ನಂಬುವುದಿಲ್ಲ. ಕೈ ಚಿಲಕದ ಮೇಲೇ ಇತ್ತು. ಎಳೆಯಲು ಆಗಲಿಲ್ಲ.

ಅವರ ಮಗಳು ರೇಗಿ ಬಾಗಿಲು ಬಡಿದಳು. "ಇಂಥಾ ಸ್ಥಿತೀಲಿ ಬಂದೈತೆ ಜೀವ, ಒಂದ್ಸಲ ಮುಖನಾರ ತೋರ್ಸೇ!"

"ಬಡೀಬ್ಯಾಡ," ಎಂದರು ಆಯಮ್ಮ. "ತಾನಾಗೇ... ಬರ್ತಾಳೆ."

ಹತ್ತರ ಬಸ್ಸಿಗೆ ಬಂದವರು ನಾಲ್ಕರ ಬಸ್ಸಿನವರೆಗೂ ಕಾದರು. ನಾನು ಹೊರಗೆ ಬರಲಿಲ್ಲ. ಯಾರಾದರೂ ಆ ಬಾಗಿಲು ಮುರಿದು ನನ್ನನ್ನು ಎಳೆದುಕೊಂಡು ಹೋಗಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಮುಂದಿನ ತಿಂಗಳು ಅವರು ತೀರಿಕೊಂಡರು. ಮೇಡಂ ನನ್ನನ್ನು ಸವಳಂಗಕ್ಕೆ ಕರೆದೊಯ್ಯುವ ಹೊತ್ತಿಗೆ ಮಣ್ಣು ಮುಗಿದಿತ್ತು. ನಾನು ಯಾರೆಂದು ಮೇಡಂ ಹೇಳಿದಾಗ ಆ ಮಗಳು ನನ್ನನ್ನು ದಿಟ್ಟಿಸಿದಳು. ಬೈಯುತ್ತಾಳೆ ಅಂದುಕೊಂಡೆ.

"ಅವತ್ತು ಬಸ್ಸಿನಾಗೆ ದಾರಿ ಉದ್ದಕ್ಕೂ ನಿನ್ನ ಬೈದೆ," ಎಂದಳು. "ಅವ್ವ ನಗ್ತಿದ್ಲು. 'ಬೇಕಾದೋರ ಮ್ಯಾಲೆ ಅಲ್ಲೇನೇ ಸಿಟ್ಟು ಬರಾದು? ಮಗು ನನ್ನ ಹಚ್ಕಂಡೈತೆ' ಅಂದ್ಲು."

ನನಗೆ ಅಳು ಬರಲಿಲ್ಲ. ಅವಳು ಕೊಟ್ಟ ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದೆ.

ಈಗ ನ್ಯಾಮತಿಯಲ್ಲಿ ನನ್ನದೇ ಮನೆಯಿದೆ, ಮೂರು ವರ್ಷದ ಮಗಳಿದ್ದಾಳೆ. ನನ್ನಂಥವಳ ಕೈಯಲ್ಲಿ ಒಂದು ಮಗು ಬೆಳೆಯುತ್ತಿದ್ದರೆ ಅದು ಆಯಮ್ಮನ ಋಣ. ಸಂಜೆ ಹೊಲಿಗೆ ಅಂಗಡಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಗಳು ಓಡಿಬಂದು ನನ್ನ ಕುತ್ತಿಗೆಗೆ ಜೋತುಬೀಳುತ್ತಾಳೆ. ಅವಳಿಗೆ ಅದು ಅಷ್ಟು ಸುಲಭ.