ಕಣ್ಣಾರೆ ಕಂಡವನ ಕಾಗದ

ಎರ್ಲಿಂದಾ ಆರ್ಚುಲೇಟಾಳಿಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮತ್ತೆ ಕಾಲೇಜಿಗೆ ಹೋಗುವ ಹಟ ಹತ್ತಿತು. ಶಾಲೆಯ ಅಡುಗೆಮನೆಯಲ್ಲಿ ಹದಿನೈದು ವರ್ಷ ಬೀನ್ಸ್ ಬೇಯಿಸಿ ಸಾಕಾಗಿತ್ತು. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿದರೆ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ನೋಡಿಕೊಳ್ಳುವ ಕೆಲಸ ಸಿಗುತ್ತಿತ್ತು. ಸರ್ಕಾರದ ನೆರವಿಲ್ಲದೆ ಅದು ಆಗುವ ಮಾತಲ್ಲ. ಲೈಬ್ರರಿಯಲ್ಲಿ ಕುಳಿತು ಅರ್ಜಿಯನ್ನು ಒಂದೇ ಮಧ್ಯಾಹ್ನದಲ್ಲಿ ತುಂಬಿದಳು. ‘ವಿಚ್ಛೇದಿತೆ’ ಎಂಬ ಕಡೆ ಬೆರಳು ತುಸು ಜೋರಾಗಿಯೇ ಒತ್ತಿತು.

ತಕರಾರು ಬಂದದ್ದು ಕಾಲೇಜಿನ ನೆರವು ಕಚೇರಿಯಲ್ಲಿ. ಅಲ್ಲಿನ ಗುಮಾಸ್ತೆ ಡಿನೀಸ್ ಕನ್ನಡಕ ಏರಿಸಿ ಪರದೆ ನೋಡಿದಳು.

“ಹತ್ತೊಂಬತ್ತು ವರ್ಷದ ಹಿಂದೆ ಒಂದ್ಸಲ ನೆರವು ತಗೊಂಡಿದ್ರಿ. ನಾಲ್ಕು ವಿಷಯ, ನಾಲ್ಕೂ ಫೇಲು. ಒಂದು ಪರೀಕ್ಷೆಗೂ ಬಂದಿಲ್ಲ.”

“ಅಷ್ಟು ಹಳೇದನ್ನ ಇನ್ನೂ ಇಟ್ಕೊಂಡಿದೀರಾ?”

“ಕಂಪ್ಯೂಟರಿಗೆ ಮರೆವಿಲ್ಲಮ್ಮ. ಯಾಕೆ ಹಾಗಾಯ್ತು ಅಂತ ನೀವೊಂದು ಕಾಗದ ಬರೀಬೇಕು. ಅದನ್ನ ಕಣ್ಣಾರೆ ಕಂಡೋರು ಇನ್ನೊಬ್ರು ಸಹಿ ಮಾಡಿ ಬರ್ಕೊಡ್ಬೇಕು. ಶುಕ್ರವಾರದೊಳಗೆ. ಇಲ್ದಿದ್ರೆ ನೆರವಿಲ್ಲ.”

ಕಣ್ಣಾರೆ ಕಂಡವನು ಭೂಮಿಯ ಮೇಲೆ ಒಬ್ಬನೇ ಇದ್ದ. ಮಾಡಿದವನೂ ಅವನೇ.

ಅವಳ ಮಾಜಿ ಗಂಡ ಅಬ್ರಾನ್ ಒಳ್ಳೆಯವನೆಂದು ಊರು ಹೇಳುತ್ತದೆ. ಊರಿಗೇನು, ಊರು ಅವನ ಜೊತೆ ಸಂಸಾರ ಮಾಡಿಲ್ಲ. ಆ ವರ್ಷ ಪ್ರತಿ ಪರೀಕ್ಷೆಯ ದಿನ ಬೆಳಿಗ್ಗೆ ಅವಳ ಹಳೆಯ ಪಿಕಪ್ ಗಾಡಿ ಚಾಲೂ ಆಗುತ್ತಲೇ ಇರಲಿಲ್ಲ. ಕಾಲೇಜು ಮೂವತ್ತು ಮೈಲಿ ದೂರ, ಬಸ್ಸಿಲ್ಲ. ಅವನು ಹೆಗಲು ತಟ್ಟಿ, “ಪಾಪ, ಗಾಡಿಗೆ ವಯಸ್ಸಾಯ್ತು ಕಣೆ” ಎಂದು ತನ್ನ ಗಾಡಿ ಹತ್ತಿ ಕೆಲಸಕ್ಕೆ ಹೋಗುತ್ತಿದ್ದ. ನಾಲ್ಕನೆಯ ಪರೀಕ್ಷೆಯ ಸಂಜೆ ಅವನ ಊಟದ ಡಬ್ಬಿ ತೊಳೆಯಲು ತೆಗೆದಾಗ ತೋರ್ತಿಯಾ ರೊಟ್ಟಿ ಸುತ್ತಿದ್ದ ಬಟ್ಟೆಯ ಕೆಳಗೆ ಇಂಜಿನ್ನಿನ ಕಾಯಿಲ್ ತಂತಿ ಸಿಕ್ಕಿತು. ಗೇಣುದ್ದದ ಕಪ್ಪು ತಂತಿ, ಅದಿಲ್ಲದೆ ಯಾವ ಗಾಡಿಯೂ ಚಾಲೂ ಆಗದು. ಅವಳು ಅದನ್ನು ಯಾರಿಗೂ ಹೇಳದೆ ಎತ್ತಿಟ್ಟುಕೊಂಡಳು. ವಿಚ್ಛೇದನಕ್ಕೆ ಮತ್ತೆ ಹನ್ನೊಂದು ವರ್ಷ ಹಿಡಿಯಿತು.

ಈಗ ಅವನಿಗೂ ಅವಳಿಂದ ಒಂದು ಕೆಲಸವಾಗಬೇಕಿತ್ತು. ಜಾರ್ಜಿನಾ ಎಂಬವಳನ್ನು ಮುಂದಿನ ವರ್ಷದ ಅಕ್ಟೋಬರಿನಲ್ಲಿ ಚರ್ಚಿನಲ್ಲೇ ಮದುವೆಯಾಗಬೇಕೆಂದು ಸಭಾಂಗಣ ಹಿಡಿದಿದ್ದ. ಕೋರ್ಟಿನ ವಿಚ್ಛೇದನವನ್ನು ಚರ್ಚು ಒಪ್ಪುವುದಿಲ್ಲ; ಹಳೆಯ ಮದುವೆ ಮದುವೆಯೇ ಆಗಿರಲಿಲ್ಲವೆಂದು ಚರ್ಚಿನ ನ್ಯಾಯಪೀಠ ತೀರ್ಮಾನಿಸಬೇಕು. ಪೀಠದವರು ಎರ್ಲಿಂದಾಳಿಗೆ ಕಳಿಸಿದ ಪ್ರಶ್ನಾವಳಿ ಏಳು ವಾರದಿಂದ ಅವಳ ಫ್ರಿಜ್ಜಿನ ಮೇಲೆ ಬಿದ್ದಿತ್ತು. ಅವಳ ಉತ್ತರವಿಲ್ಲದೆಯೂ ಕಡತ ಸಾಗುತ್ತಿತ್ತು, ಆದರೆ ನಿಧಾನವಾಗಿ. ಸಭಾಂಗಣ ಹಿಡಿದವನಿಗೆ ನಿಧಾನವೇ ಶಿಕ್ಷೆ. ಪ್ರಶ್ನೆಗಳನ್ನು ಅವಳು ಓದಿಟ್ಟಿದ್ದಳು. ಒಂಬತ್ತನೆಯದಂತೂ ಬಾಯಿಪಾಠವಾಗಿತ್ತು.

ಬುಧವಾರ ಫೋನಿನಲ್ಲಿ ವಿಷಯ ಹೇಳಿ ಕರೆದಳು, ಬಂದ. ಹೊರಗೆ ಪಕ್ಕದ ಮನೆಯವರು ಆ ವರ್ಷದ ಸುಗ್ಗಿಯ ಹಸಿಮೆಣಸಿನಕಾಯಿ ಸುಡುತ್ತಿದ್ದರು. ಅವನು ಕೆಮ್ಮುತ್ತ ಅಡುಗೆಮನೆಯ ಮೇಜಿನ ಮುಂದೆ ಕುಳಿತ.

“ನೀನು ನಂದು ಬರಿ, ನಾನು ನಿಂದು ಬರೀತೀನಿ,” ಎಂದಳು.

ಅವನು ನಾಲ್ಕು ಸಾಲು ಗೀಚಿದ: ಗಾಡಿ ಹಳೆಯದು, ಆಗಾಗ ಕೆಡುತ್ತಿತ್ತು. ಎರ್ಲಿಂದಾ ಓದಿ, ಹರಿದು, ಡ್ರಾಯರಿನಿಂದ ತಂತಿ ತೆಗೆದು ಹಾಳೆಯ ಪಕ್ಕ ಇಟ್ಟಳು. ಅವನ ಕಿವಿ ಕೆಂಪಾಯಿತು.

“ಇದನ್ನ ಇಟ್ಕೊಂಡಿದ್ಯಾ?”

“ಕಂಪ್ಯೂಟರಿಗೊಂದಕ್ಕೇ ಅಲ್ಲ ನೆನಪಿರೋದು. ಬರಿ.”

“ಎರ್ಲಿ, ಎಲ್ಲಾ ಆಗಿ ಎಷ್ಟು ವರ್ಷ ಆಯ್ತೇ...”

“ಹತ್ತೊಂಬತ್ತು. ಬರಿ.”

ಬರೆದ. ತಂತಿ ತಾನೇ ಕಿತ್ತದ್ದು, ನಾಲ್ಕು ಸಲ, ಪರೀಕ್ಷೆಯ ದಿನ ನೋಡಿಯೇ. ಅವಳು ಬೆನ್ನ ಹಿಂದೆ ನಿಂತು ಓದುತ್ತಿದ್ದಳು.

“ಯಾಕೆ ಕಿತ್ತೆ ಅಂತಲೂ ಬೇಕು.”

“ಓದಿದ್ರೆ ನನ್ನ ಬಿಟ್ಟು ಹೋಗ್ತೀಯ ಅಂತ ಹೆದ್ರಿಕೆ.”

“ಮದುವೆಗೆ ಮುಂಚೆ ನನ್ನ ಅಪ್ಪನ ಎದುರು, ಇವಳನ್ನ ಓದಿಸ್ತೀನಿ ಅಂತ ಮಾತು ಕೊಟ್ಟಿದ್ದೆ ನೀನು.”

ಅವನು ತಲೆ ತಗ್ಗಿಸಿದ. “ಓದಿಸೋದು ಅವತ್ತೇ ಮನಸ್ಸಲ್ಲಿ ಇರ್ಲಿಲ್ಲ. ಇಲ್ಲ ಅಂದಿದ್ರೆ ನಿಮ್ಮಪ್ಪ ಹೆಣ್ಣು ಕೊಡ್ತಿದ್ನಾ?”

ಈ ಮಾತು ಅವಳಿಗೆ ಹೊಸದು. ಅಪ್ಪ ಸಾಯುವವರೆಗೂ ಅಳಿಯ ಮಾತಿನ ಮನುಷ್ಯ ಎಂದು ಹೊಗಳುತ್ತಿದ್ದ. ಆ ಗಳಿಗೆ ತಂತಿಯಿಂದ ಅವನಿಗೆ ಬಾರಿಸಬೇಕೆನ್ನಿಸಿದ್ದು ಸುಳ್ಳಲ್ಲ.

“ಅದನ್ನೂ ಬರಿ,” ಎಂದಳು. “ಸಹಿ ಹಾಕು. ತಾರೀಖು ಹಾಕು.”

ಹೊರಡುವಾಗ ಅವನು ಬಾಗಿಲಲ್ಲಿ ನಿಂತ. “ನಂದು ಬರೀತೀಯ ತಾನೆ? ಸತ್ಯವಾಗಿ?”

“ಸತ್ಯ ಬಿಟ್ಟು ಬೇರೇನೂ ಬರೆಯಲ್ಲ.”

ಗುರುವಾರ ಲೈಬ್ರರಿಯಲ್ಲಿ ಅವನ ಕಾಗದಕ್ಕೆ ಒಂದು ನಕಲು ತೆಗೆದಳು. ಮೂಲ, ತನ್ನ ಕಾಗದದ ಜೊತೆ, ಡಿನೀಸಳಿಗೆ. ಡಿನೀಸ್ ಎರಡು ಸಲ ಓದಿ ಮೊಹರನ್ನು ಮೇಜು ಅದುರುವಂತೆ ಹೊಡೆದಳು. ನಕಲು ಚರ್ಚಿನ ಲಕೋಟೆಗೆ ಹೋಯಿತು. ಒಂಬತ್ತನೆಯ ಪ್ರಶ್ನೆ: ಮದುವೆಗೆ ಮುಂಚೆ ಕೊಟ್ಟ ಮಾತನ್ನು ನಿಮ್ಮ ಗಂಡ ಮನಸಾರೆ ಕೊಟ್ಟಿದ್ದನೇ? ಎರ್ಲಿಂದಾ ಬರೆದಳು: ಜೊತೆಗಿಟ್ಟ ಕಾಗದ ನೋಡಿ.

ನೆರವು ಸಿಕ್ಕಿತು. ಮುಂದಿನ ಆಗಸ್ಟಿನಲ್ಲಿ, ಮತ್ತೆ ಬೀದಿಯೆಲ್ಲ ಮೆಣಸಿನಕಾಯಿಯ ಹೊಗೆ ತುಂಬಿದ್ದಾಗ, ಚರ್ಚಿನ ತೀರ್ಪು ಇಬ್ಬರಿಗೂ ಬಂತು. ಹಳೆಯ ಮದುವೆ ರದ್ದು. ಎರ್ಲಿಂದಾಳಿಗೆ ಯಾವ ಅಡ್ಡಿಯೂ ಇಲ್ಲ. ಅಬ್ರಾನ್ ಮಾತ್ರ, ಮದುವೆಯ ಮಾತು ಏನೆಂಬುದನ್ನು ಅರಿತಿದ್ದಾನೆಂದು ಬಿಷಪ್ಪರಿಗೆ ಮನವರಿಕೆಯಾಗುವವರೆಗೆ, ಚರ್ಚಿನಲ್ಲಿ ಮತ್ತೆ ಮದುವೆಯಾಗುವಂತಿಲ್ಲ.

ಅವಳು ಕಾಲೇಜಿಗೆ ಹೊರಟು ಗಾಡಿ ಹತ್ತಿದ್ದಳು. ಫೋನ್ ಬಂತು.

“ಜಾರ್ಜಿನಾ ಉಂಗುರ ಬಿಚ್ಚಿಟ್ಟು ತಾಯಿ ಮನೆಗೆ ಹೋದ್ಳು. ಏನೇ ಬರೆದೆ ನೀನು?”

“ನಾನೇನೂ ಬರೀಲಿಲ್ಲ ಅಬ್ರಾನ್. ನೀನು ಬರೆದಿದ್ದನ್ನೇ ಕಳಿಸ್ದೆ.”

“ಈಗ ನಾನೇನು ಮಾಡ್ಲಿ?”

“ಬದಲಾಗಿದೀಯ ಅಂತ ಕಣ್ಣಾರೆ ಕಂಡೋರಿದ್ರೆ ಒಂದು ಕಾಗದ ಬರೆಸ್ಕೋ,” ಎಂದಳು. “ನಂಗೆ ಪರೀಕ್ಷೆಗೆ ಹೊತ್ತಾಯ್ತು.” ಕೀಲಿ ತಿರುಗಿಸಿದಳು. ಇಂಜಿನ್ ಚಾಲೂ ಆದ ಸದ್ದು ಅವನಿಗೂ ಕೇಳಲೆಂದು ಫೋನನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.