ಕಾಲು ನೋಡಿ ವ್ಯಾಪಾರ

ಮಳವಳ್ಳಿಯ ಹಳೇ ಪೇಟೆ ಬೀದಿಯಲ್ಲಿ ಮರಿತಾಯಮ್ಮನದು ಬಳೆ ಅಂಗಡಿ. ಜನ ಹೊಸ ಬಡಾವಣೆಯ ಅಂಗಡಿಗಳ ಕಡೆ ತಿರುಗಿದ ಮೇಲೆ ಬೀದಿ ಬಿಕೋ ಎನ್ನುತ್ತಿತ್ತು. ಅದಕ್ಕೆ ಮತ್ತೆ ಕಳೆ ತರಬೇಕೆಂದು ಪುರಸಭೆಯವರು ಮೊದಲು ಅವಳ ಅಂಗಡಿಯ ಕಡೆಯ ಫುಟ್‌ಪಾತ್ ಎತ್ತರಿಸುವ ಕೆಲಸ ಶುರುಮಾಡಿದರು. ಎತ್ತರಿಸುತ್ತಾ ಎತ್ತರಿಸುತ್ತಾ ಅದು ಮರಿತಾಯಮ್ಮನ ಎದೆಮಟ್ಟಕ್ಕೆ ಬಂತು. ಅವಳ ಅಂಗಡಿ ಹಳ್ಳದಲ್ಲಿ ಉಳಿಯಿತು.

ಏಣಿ ಇಟ್ಟರೂ ಯಾರೂ ಇಳಿದು ಬರಲಿಲ್ಲ. ಕೂತಲ್ಲಿಂದ ಅವಳಿಗೆ ಕಾಣುತ್ತಿದ್ದುದು ಓಡಾಡುವವರ ಕಾಲುಗಳು ಮಾತ್ರ. ಕೆಲವು ದಿನ ಅತ್ತಳು. ಆಮೇಲೆ ಬಳೆಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಕಾಲ್ಗೆಜ್ಜೆ, ಕಾಲುಂಗುರ ತಂದಿಟ್ಟಳು.

"ನಿಂತ್ಕಳವ್ವ, ಆ ಕಾಲು ಬೋಳಾಗಿ ಕಾಣ್ತದೆ!" ಎಂದು ಕೆಳಗಿನಿಂದಲೇ ಕೂಗುವಳು.

ಕಿರುಗಾವಲಿನ ಹೆಂಗಸರು ಬಸ್ಸಿಳಿದು ನೇರ ಅಲ್ಲಿಗೇ ಬಂದು, ಫುಟ್‌ಪಾತಿನ ಅಂಚಿನಲ್ಲಿ ಸಾಲಾಗಿ ಕೂತು ಕಾಲು ಇಳಿಬಿಡತೊಡಗಿದರು. ಅವರಿಗಾಗಿ ಟೀ ಗಾಡಿ ಬಂತು, ಹೂವಿನವಳು ಬಂದಳು, ಬೀದಿ ತುಂಬಿತು.

ಆಗ ಪುರಸಭೆಯ ಎಂಜಿನಿಯರು ಬಂದು, "ತಪ್ಪಾಗಿದೆಯಮ್ಮ, ಫುಟ್‌ಪಾತ್ ತಗ್ಗಿಸ್ತೀವಿ" ಎಂದರು.

ಮರಿತಾಯಮ್ಮ ಗಾಬರಿಯಾಗಿ ಅವರ ಬೂಟುಗಳಿಗೇ ಕೈಮುಗಿದಳು. "ಬ್ಯಾಡ ಬುಡಿ ಸಾರ್, ಮೊಕ ನೋಡಿ ಯಾಪಾರ ಮಾಡದು ನಂಗೆ ಮರ್ತೋಗದೆ."

ಎಂಜಿನಿಯರು ಉತ್ತರ ಕೊಡುವಷ್ಟರಲ್ಲಿ ಎದುರು ಸಾಲಿನ ಅಂಗಡಿಯವರು ಅವರನ್ನು ಮುತ್ತಿಕೊಂಡರು. ತಮ್ಮ ಅಂಗಡಿಗಳನ್ನೂ ಹಾಗೆಯೇ ಹಳ್ಳಕ್ಕೆ ಇಳಿಸಿಕೊಡಬೇಕಂತೆ.