ಆಷಾಢದ ಕುದುರೆಗಳು

ಒಂದು ಕುದುರೆ ಇನ್ನೊಂದನ್ನು ಒದ್ದು ಕಾಲು ಮುರಿಯಬಹುದಿತ್ತು. ಗೇಟಿನ ಚಿಲಕ ಕಳಚಿ ಮೂರು ಕುದುರೆಗಳೂ ಬೀದಿಗೆ ನುಗ್ಗಿ, ಮಾರುಕಟ್ಟೆ ಕಡೆಯಿಂದ ಬರುವ ಬಸ್ಸಿಗೆ ಎದುರಾಗಬಹುದಿತ್ತು. ಪಕ್ಕದ ಮನೆಯವರು ಲದ್ದಿಯ ವಾಸನೆಯೆಂದು ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಹಳೇ ಬಾವಿಯ ಮೇಲೆ ಮುಚ್ಚಿದ ಕಲ್ಲುಚಪ್ಪಡಿ ಕುದುರೆಯ ಭಾರಕ್ಕೆ ಕುಸಿಯಬಹುದಿತ್ತು. ಜಾಗಕ್ಕಾಗಿ ಕೋರ್ಟಿನಲ್ಲಿ ಗುದ್ದಾಡುತ್ತಿರುವ ನನ್ನ ದಾಯಾದಿಗಳಲ್ಲೊಬ್ಬರು ಬಂದು, ನಾನು ಕುದುರೆ ಬಿಟ್ಟು ಸ್ವಾಧೀನ ಸಾಧಿಸುತ್ತಿದ್ದೇನೆಂದು ಇನ್ನೊಂದು ದಾವೆ ಹೂಡಬಹುದಿತ್ತು. ಇದ್ಯಾವುದೂ ಆಗದಿದ್ದರೂ, ಜಗಳ ಬಿಡಿಸಲು ಹೋದ ನಾನೇ ಒದೆ ತಿಂದು ಸತ್ತು, ಹನ್ನೆರಡನೇ ದಿನದ ಊಟಕ್ಕೆ ಬಂದವರೆಲ್ಲ ಎಲೆಯ ಮುಂದೆ ನಗು ತಡೆಯಲು ಒದ್ದಾಡಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೊಂದು, ಹೆಬ್ಬೆರಳ ಉಗುರಿನಷ್ಟು ಚಿಕ್ಕದು. ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಹುರುಳಿ ಬೇಯಲಿಟ್ಟು, ಮೂರು ಕೂಗು ಬಂದ ಮೇಲೆ ಒಲೆ ಆರಿಸಿ ಎಂದು ಹೇಳಿ ಹೂವು ತರಲು ಹೋದಳು. ಮೊದಲನೇ ಕೂಗಿಗೇ ಆ ವಾಸನೆ ಬಂತು. ಮಣ್ಣು, ಹೊಗೆ, ಬೆವರು ಮೂರೂ ಸೇರಿದಂಥ ವಾಸನೆ. ಅದು ನಿಮಗೆ ಸಾರಿನ ವಾಸನೆಯಾಗಿರಬಹುದು. ನನಗೆ ಮುನಿರಾಜುವಿನ ಮನೆಯ ಹಿಂದಿನ ಲಾಯದ್ದು. ಹಾಗೇ ನಿಂತುಬಿಟ್ಟೆ. ಕೂಗು ಎಷ್ಟಾದವೋ ತಿಳಿಯಲಿಲ್ಲ. ಜಗತ್ತಿನ ಸಕಲ ಅಪಾಯಗಳನ್ನೂ ಮುಂದಾಗಿ ಎಣಿಸುವವನಿಗೆ ಕುಕ್ಕರಿನ ಕೂಗು ಎಣಿಸಲು ಬರುವುದಿಲ್ಲವೆಂಬ ಮಾತನ್ನು ಹೆಂಡತಿ ಬಂದ ಮೇಲೆ ಕೇಳಬೇಕಾಯಿತು.

ಮುನಿರಾಜು ನನ್ನ ಜೊತೆ ಓದಿದವನು. ಅವನ ತಾತ ಮಾರುಕಟ್ಟೆಯಿಂದ ರೈಲ್ವೆ ಸ್ಟೇಷನ್ನಿಗೆ ಜಟಕಾ ಓಡಿಸುತ್ತಿದ್ದರು. ಜಟಕಾ ಹೋದ ಮೇಲೆ ಅವನಪ್ಪ ಮದುವೆ ಮೆರವಣಿಗೆಗೆ ಕುದುರೆ ಕೊಡತೊಡಗಿದರು. ಮುನಿರಾಜುವಿನ ಕಾಲಕ್ಕೆ ಉಳಿದದ್ದು ಒಂದೇ ಕುದುರೆ, ಗೌರಿ. ಹಾಲಿನಂಥ ಬಿಳಿ. ಚಾಮರಾಜಪೇಟೆಯ ಎಷ್ಟೋ ಗೋಡೆಗಳ ಮದುವೆ ಫೋಟೋಗಳಲ್ಲಿ ಅವಳಿದ್ದಾಳೆ. ಗಂಡುಗಳು ಬೇರೆ ಬೇರೆ, ಕುದುರೆ ಒಂದೇ.

ಆ ವರ್ಷ ಬೇಸಿಗೆಯ ಮದುವೆಗಳು ಮುಗಿಯುವ ಹೊತ್ತಿಗೆ ಗೌರಿ ಮೇವು ಬಿಟ್ಟಳು. ಲಾಯದಲ್ಲಿ ನಿಂತಲ್ಲೇ ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿದ್ದಳು, ಹಠ ಹಿಡಿದ ಮಗುವನ್ನು ತೊಟ್ಟಿಲಲ್ಲಿ ತೂಗಿದಂತೆ, ಬೆಳಗಿನಿಂದ ಸಂಜೆಯವರೆಗೆ. ಕಂಬ ಕಚ್ಚಿ ಕಚ್ಚಿ ಸವೆಸಿದ್ದಳು. ಪಕ್ಕೆಲುಬು ಕಾಣತೊಡಗಿತ್ತು. ತ್ಯಾಗರಾಜನಗರದಿಂದ ಒಬ್ಬ ನಿವೃತ್ತ ಪಶುವೈದ್ಯರನ್ನು ನಾನೇ ಕರೆದುಕೊಂಡು ಹೋದೆ. ಅವರು ಹಲ್ಲು, ಹೊಟ್ಟೆ, ಗೊರಸು ಎಲ್ಲ ನೋಡಿ ಕೈ ತೊಳೆದುಕೊಂಡರು.

"ಕಾಯಿಲೆ ಏನಿಲ್ಲ ಕಣಯ್ಯ. ಇದಕ್ಕೆ ಜೊತೆ ಬೇಕು."

"ಗಂಡು ಕುದುರೆನಾ ಸಾರ್?" ಎಂದ ಮುನಿರಾಜು.

"ಯಾವ್ದಾದ್ರೂ ಆಗ್ಲಿ, ಕುದುರೆ ಬೇಕು. ಇದು ಗುಂಪಲ್ಲಿರೋ ಪ್ರಾಣಿ. ನೀನು ಇದಕ್ಕೆ ಊರಿನ ಜನಾನೆಲ್ಲ ತೋರಿಸ್ತೀಯ, ಒಂದು ಕುದುರೆ ತೋರ್ಸಲ್ಲ. ಕಟ್ಟದೇ ಬಿಡು, ಬೇರೆಯವುಗಳ ಜೊತೆ ಓಡ್ಲಿ, ಕಚ್ಚಾಡ್ಲಿ, ಉರುಳಾಡ್ಲಿ. ಇಲ್ಲಾಂದ್ರೆ ಮುಂದಿನ ಮದುವೆ ಕಾಲಕ್ಕೆ ಇದು ನಿಂಗೆ ಉಳಿಯಲ್ಲ."

ಅವರು ಹೋದ ಮೇಲೆ ಮುನಿರಾಜು ಸವೆದ ಕಂಬದ ಮೇಲೆ ಕೈಯಿಟ್ಟು ನಿಂತಿದ್ದ. ಅವನಿಗೆ ಬೇರೆ ಕಸುಬಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೌರಿಯನ್ನು ಬಿಟ್ಟರೆ ಮನೆಯಲ್ಲಿ ಅವನ ಮಾತು ಕೇಳುವವರೂ ಇರಲಿಲ್ಲ. ಇದು ಅವನೇ ಹೇಳುತ್ತಿದ್ದ ಮಾತು.

"ಜೊತೆ ಅಂತೆ. ಬೆಂಗಳೂರಲ್ಲಿ ಕುದುರೆ ಬಿಡಕ್ಕೆ ಜಾಗ ಎಲ್ಲೈತೆ ಗುರು? ಮನುಷ್ಯರ್ನ ಬಿಡಕ್ಕೇ ಜಾಗ ಇಲ್ಲ."

ಜಾಗವಿತ್ತು. ಬೀಗದ ಕೈ ನನ್ನ ಬಳಿಯೇ ಇತ್ತು. ನಮ್ಮ ತಾತ ಎಣ್ಣೆಗಾಣ ಇಟ್ಟಿದ್ದ ನಿವೇಶನ, ಸುತ್ತ ಎತ್ತರದ ಗೋಡೆ, ಒಳಗೆ ಹರಳುಗಿಡ ಮತ್ತು ಆಳೆತ್ತರದ ಹುಲ್ಲು. ವ್ಯಾಜ್ಯ ತೀರುವವರೆಗೆ ಯಾರೂ ಅಲ್ಲಿ ಇಟ್ಟಿಗೆಯಿಡುವಂತಿಲ್ಲ. ಬೀಗದ ಕೈಯನ್ನು ಮಾತ್ರ ಎಲ್ಲ ಕಕ್ಷಿಗಳೂ ಒಮ್ಮತದಿಂದ ನನಗೆ ಕೊಟ್ಟಿದ್ದರು. "ನೀನು ಹೇಗೂ ಯೋಚ್ನೆ ಮಾಡ್ತಾನೇ ಇರ್ತೀಯ, ಇದನ್ನೂ ಸೇರಿಸ್ಕೊ" ಎಂದಿದ್ದರು ಚಿಕ್ಕಪ್ಪ. ನಮ್ಮ ಕುಟುಂಬದಲ್ಲಿ ನನ್ನ ಪ್ರತಿಭೆಗೆ ಸಿಕ್ಕ ಮನ್ನಣೆ ಅದೊಂದೇ.

ಉಳಿದ ಕುದುರೆಗಳು ರಹಮತ್ ಭಾಯ್ ಅವರವು. ಎರಡು ಬೀದಿ ಆಚೆ ಇದ್ದರು. ಸಾರೋಟಿಗೆ ಕಟ್ಟುವ ಜೋಡಿ, ಬಾದಲ್ ಮತ್ತು ಶೇರು. ಮದುವೆ ಗಿರಾಕಿಗಳ ವಿಷಯದಲ್ಲಿ ಅವರಿಗೂ ಮುನಿರಾಜುವಿಗೂ ಹಳೆಯ ಮುನಿಸು. ಆದರೆ ಆಷಾಢ ಬಂದಿತ್ತು. ಮದುವೆಯಿಲ್ಲದ ತಿಂಗಳಲ್ಲಿ ಪೈಪೋಟಿಯೂ ಇರುವುದಿಲ್ಲ. ನಾನು ಹೋಗಿ ಕೇಳಿದೆ. ಅವರು ಗಡ್ಡ ನೀವಿಕೊಂಡು, "ನಮ್ ಕುದುರೆಗೂ ರಜಾ ಕೊಡಿಸ್ತೀರಾ ಮೇಷ್ಟ್ರೇ" ಎಂದರು. ನಾನು ಮೇಷ್ಟರಲ್ಲ. ಕನ್ನಡಕ ಮತ್ತು ಆತಂಕ ಒಂದೇ ಮುಖದಲ್ಲಿದ್ದರೆ ಜನ ಹಾಗೆ ಭಾವಿಸುತ್ತಾರೆ.

ಮೊದಲ ದಿನ ನಾನು ಡೆಟಾಲು, ಹತ್ತಿ, ಬ್ಯಾಂಡೇಜು, ಜೊತೆಗೆ ಒಂದು ಛತ್ರಿ ಹಿಡಿದು ಗೇಟಿನ ಹೊರಗೇ ನಿಂತಿದ್ದೆ.

"ಛತ್ರಿ ಯಾಕೆ ಗುರು, ಕುದುರೆಗೆ ಹಿಡಿಯಕ್ಕಾ?" ಎಂದ ಮುನಿರಾಜು.

ಹಗ್ಗ ಬಿಚ್ಚಿದರು. ಏನೂ ಆಗಲಿಲ್ಲ. ಮೂರೂ ಕುದುರೆಗಳು ಬಸ್ ಸ್ಟ್ಯಾಂಡಿನಲ್ಲಿ ನಿಂತ ಅಪರಿಚಿತರಂತೆ ಬೇರೆ ಬೇರೆ ದಿಕ್ಕಿಗೆ ನೋಡುತ್ತ ನಿಂತವು. ಆಮೇಲೆ ಶೇರು ಕತ್ತು ಚಾಚಿ ಗೌರಿಯ ಮೂಗು ಮೂಸಿತು. ಅವಳು ಕಿರುಚಿ ಮುಂಗಾಲು ಅಪ್ಪಳಿಸಿದಳು. ನಾನು ಛತ್ರಿ ಬಿಚ್ಚಿದೆ. ಯಾಕೆ ಬಿಚ್ಚಿದೆನೆಂದು ಈಗಲೂ ತಿಳಿಯದು. ಆ ಸದ್ದಿಗೋ ಏನೋ, ಗೌರಿ ಓಡಿದಳು. ಬಾದಲ್, ಶೇರು ಹಿಂದೆ ಓಡಿದವು. ಗೋಡೆ ಸಿಕ್ಕಿತು, ತಿರುಗಿದವು, ಮತ್ತೆ ಓಡಿದವು. ಬ್ಯಾಂಡಿನ ತಾಳಕ್ಕೆ ಹೆಜ್ಜೆ ಹಾಕುವುದನ್ನಷ್ಟೇ ನಾನು ಕಂಡಿದ್ದ ಕುದುರೆ, ಹಿಂಗಾಲು ಆಕಾಶಕ್ಕೆ ಚಿಮ್ಮಿಸಿ, ಬಾಲ ಬಾವುಟದಂತೆ ಎತ್ತಿ, ನಾಚಿಕೆಯಿಲ್ಲದೆ ಸದ್ದು ಮಾಡಿಕೊಂಡು ಓಡುತ್ತಿತ್ತು. ಕೊನೆಗೆ ಕೆಸರಿನಲ್ಲಿ ಬಿದ್ದು ಉರುಳಾಡಿ ಎದ್ದಾಗ ಅವಳು ಬಿಳಿ ಕುದುರೆಯಾಗಿ ಉಳಿದಿರಲಿಲ್ಲ.

"ಇದ್ನ ತೊಳೆಯೋನು ಯಾರು" ಎಂದ ಮುನಿರಾಜು. ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಆ ಸಂಜೆ ಅವಳು ಹುರುಳಿಯ ಬಕೆಟ್ಟನ್ನು ತಳ ಕಾಣುವಂತೆ ನೆಕ್ಕಿದಳು.

ಆಷಾಢ ಪೂರ್ತಿ ಹಾಗೇ ನಡೆಯಿತು. ಬೆಳಿಗ್ಗೆ ನಾನು ಬೀಗ ತೆಗೆಯುತ್ತಿದ್ದೆ. ಕುದುರೆಗಳು ಒಳಗೆ ಹೋದರೆ ನಾವು ಮೂವರು ಹಳೇ ಗಾಣದ ಕಲ್ಲಿನ ಮೇಲೆ ಕೂರುತ್ತಿದ್ದೆವು. ರಹಮತ್ ಭಾಯ್ ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದರು. ಮುನಿರಾಜು ಅವರ ಸಾರೋಟಿನ ಪ್ಲಾಸ್ಟಿಕ್ ಹೂವನ್ನು ಆಡಿಕೊಳ್ಳುತ್ತಿದ್ದ. ಅವರು ಅವನ ಹೊಟ್ಟೆಯನ್ನು. ನಾನು ಮೋಡ ನೋಡಿ ಗುಡುಗು ಬಂದರೆ ಕುದುರೆ ಬೆದರುತ್ತವೇನೋ ಎಂದರೆ ಇಬ್ಬರೂ ಒಟ್ಟಿಗೆ, "ಶುರುವಾಯ್ತು" ಎನ್ನುತ್ತಿದ್ದರು. ಮಧ್ಯವಯಸ್ಸಿನಲ್ಲಿ ಹೊಸದಾಗಿ ಗೆಳೆತನವಾಗುವುದು ಅಪರೂಪ. ನಾನು ಅದರ ಬಗ್ಗೆ ಚಿಂತಿಸಲು ಮರೆತಿದ್ದೆ.

ಗೌರಿಗೂ ಶೇರುವಿಗೂ ಹೆಚ್ಚು ಹೊಂದಿಕೆಯಾಗಿತ್ತು. ಓಡಿ ದಣಿದ ಮೇಲೆ ಅವೆರಡೂ ಎದುರುಬದುರಾಗಿ ನಿಂತು, ಒಂದರ ಕತ್ತಿನ ಬುಡವನ್ನು ಇನ್ನೊಂದು ಹಲ್ಲಿನಿಂದ ಕೆರೆದುಕೊಡುತ್ತಿದ್ದವು, ಕಣ್ಣು ಅರೆಮುಚ್ಚಿಕೊಂಡು, ಬಹಳ ಹೊತ್ತು. ಒಂದು ದಿನ ಶೇರು ಸ್ವಲ್ಪ ಜೋರಾಗಿಯೇ ಕೆರೆದಿರಬೇಕು. ಗೌರಿಯ ಕತ್ತಿನಲ್ಲಿ ಉಗುರಗಲ ಚರ್ಮ ಕಿತ್ತಿತ್ತು. ಅವಳು ಅತ್ತ ಸರಿಯಲೂ ಇಲ್ಲ. ನನ್ನ ಡೆಟಾಲಿಗೆ ಕೊನೆಗೂ ಕೆಲಸ ಸಿಕ್ಕಿತು. ಗಾಯ ವಾಸಿಯಾಯಿತು, ಕೂದಲು ಬಂತು. ಬರುವಾಗ ಮಾತ್ರ ಸುತ್ತಿಕೊಂಡು ಬಂತು. ಮೊದಲಿದ್ದ ಹುಟ್ಟುಸುಳಿಯ ಪಕ್ಕದಲ್ಲಿ ಇನ್ನೊಂದು ಸುಳಿ.

ಶ್ರಾವಣದ ಮೊದಲ ಮದುವೆ, ಪೇಟೆಯಲ್ಲಿ ತಲೆಮಾರುಗಳಿಂದ ಬಟ್ಟೆ ವ್ಯಾಪಾರ ಮಾಡುತ್ತಿದ್ದ ಮನೆಯವರದು. ಗೌರಿ ಝರಿ ಹೊದ್ದು ನಿಂತಿದ್ದಳು. ನಾನೂ ನೋಡಲು ಹೋಗಿದ್ದೆ. ಅವಳು ಅಷ್ಟು ಚೆನ್ನಾಗಿ ಎಂದೂ ಕಂಡಿರಲಿಲ್ಲ. ಗಂಡಿನ ಸೋದರಮಾವ, ಹಣೆ ತುಂಬ ವಿಭೂತಿಯ ಸೌಮ್ಯ ಮನುಷ್ಯ, ಪ್ರೀತಿಯಿಂದಲೇ ಅವಳ ಕತ್ತು ಸವರಿದರು. ಕೈ ನಿಂತಿತು.

"ಏನಪ್ಪ ಇದು, ಜೋಡಿ ಸುಳಿ?"

"ಒಂದೇ ಸುಳಿ ಸಾರ್. ಇನ್ನೊಂದು ಗಾಯ. ಕುದುರೆ ಕಚ್ಚಿದ್ದು" ಎಂದ ಮುನಿರಾಜು.

"ಜಗಳ ಆಡ್ತಾ?"

"ಇಲ್ಲ ಸಾರ್. ಪ್ರೀತಿಗೆ."

ಬ್ಯಾಂಡಿನವರಲ್ಲಿ ಯಾರೋ ನಕ್ಕರು. ಸೋದರಮಾವ ನಗಲಿಲ್ಲ. ಎರಡು ಸುಳಿಯಿದ್ದರೆ ಎರಡು ಮದುವೆಯೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನನ್ನ ನೆತ್ತಿಯಲ್ಲೇ ಎರಡಿವೆ. ಒಬ್ಬಳು ನನ್ನನ್ನು ಸಹಿಸಿಕೊಂಡದ್ದೇ ಪವಾಡವೆಂದು ನಮ್ಮ ಮನೆಯಲ್ಲಿ ಆ ಶಾಸ್ತ್ರವನ್ನು ಕೈಬಿಟ್ಟಿದ್ದಾರೆ.

"ತಪ್ಪು ತಿಳ್ಕೋಬೇಡಪ್ಪ. ನಾನು ಇದನ್ನೆಲ್ಲ ನಂಬೋನಲ್ಲ" ಎಂದರು ಅವರು. "ಆದ್ರೆ ಹೆಣ್ಣಿನ ಕಡೆಯೋರು ಯಾರಾದ್ರೂ ನೋಡಿದ್ರೆ?"

ಗಂಡು ಕಾರಿನಲ್ಲಿ ಹೋದ.

ಇಡೀ ಚಾಮರಾಜಪೇಟೆಯಲ್ಲಿ ಸುಳಿಯನ್ನು ನಂಬುವವರು ನನಗೆ ಒಬ್ಬರೂ ಸಿಗಲಿಲ್ಲ. ನಂಬುವವರು ಬೇರೆ ಇದ್ದಾರೆಂದು ಮಾತ್ರ ಎಲ್ಲರೂ ನಂಬಿದ್ದರು. ಬ್ಯಾಂಡಿನವರ ಬಾಯಿಂದ ಸುದ್ದಿ ಛತ್ರದಿಂದ ಛತ್ರಕ್ಕೆ ಹೋಯಿತು. ಮುನಿರಾಜು ಆ ಜಾಗಕ್ಕೆ ಝರಿಪಟ್ಟಿ ಕಟ್ಟಿದ. ಮುಚ್ಚಿದ್ದರಿಂದಲೇ ಜನ ಬಿಚ್ಚಿ ತೋರಿಸೆಂದರು. ರಹಮತ್ ಭಾಯ್ ಸಮಾಧಾನ ಹೇಳಲು ಬಂದಾಗ ಅವನು ಲಾಯದ ಬಾಗಿಲಲ್ಲೇ ನಿಂತು, "ನಿಮ್ ಸಾರೋಟಿಗೆ ಬುಕಿಂಗ್ ಜಾಸ್ತಿ ಆಗಿದ್ಯಂತಲ್ಲ ಭಾಯ್" ಎಂದ. ಅವರು ಅಲ್ಲಿಂದಲೇ ಹಿಂದಿರುಗಿದರು. ಆ ಮಾತು ಸುಳ್ಳಾಗಿರಲಿಲ್ಲ, ಅದೇ ಕಷ್ಟ. ಮತ್ತೆ ಗಾಣದ ಕಲ್ಲಿನ ಮೇಲೆ ಯಾರೂ ಕೂರಲಿಲ್ಲ.

"ಅವಳನ್ನ ಗಾಣದ ಜಾಗಕ್ಕಾದ್ರೂ ಬಿಡೋ" ಎಂದೆ ನಾನು.

"ಇನ್ನೊಂದು ಸುಳಿ ತರಿಸ್ಲಾ?" ಎಂದ.

ಗೌರಿ ಮತ್ತೆ ಲಾಯದಲ್ಲಿ ತಲೆ ತೂಗತೊಡಗಿದಳು. ಆದರೆ ಈಗ ಎರಡು ಬೀದಿ ಆಚೆ ಶೇರು ಕೆನೆದರೆ ತೂಗುವುದನ್ನು ನಿಲ್ಲಿಸಿ ಕಿವಿ ನಿಮಿರಿಸುತ್ತಿದ್ದಳು; ಇವಳೂ ಕೂಗುತ್ತಿದ್ದಳು. ಕಾರ್ತಿಕದಲ್ಲಿ ಮುನಿರಾಜು ಅವಳನ್ನು ಮಾರಿದ. ಕೊಂಡವನು ಬೆಟ್ಟದ ಮೇಲೆ ಪ್ರವಾಸಿಗರಿಗೆ ಕುದುರೆ ಸವಾರಿ ಮಾಡಿಸುವವನು. ಅವನು ಹಲ್ಲು ನೋಡಿದನಂತೆ, ಸುಳಿ ನೋಡಲಿಲ್ಲ.

ಮುನಿರಾಜು ಈಗ ಗೂಡ್ಸ್ ಆಟೋದಲ್ಲಿ ಮಾರುಕಟ್ಟೆಯಿಂದ ಹೂವಿನ ಮೂಟೆ ಸಾಗಿಸುತ್ತಾನೆ. ಇವತ್ತು, ಕುಕ್ಕರಿನ ರಾದ್ಧಾಂತ ಮುಗಿದ ಮೇಲೆ, ಸುಮ್ಮನೆ ಕೂರಲಾಗದೆ ಅವನನ್ನು ಹುಡುಕಿಕೊಂಡು ಹೋದೆ. ಸೇವಂತಿಗೆ ಮೂಟೆಗಳ ನಡುವೆ ಬೀಡಿ ಸೇದುತ್ತಿದ್ದ. ಕಾಫಿ ಕುಡಿದೆವು. ಅವಳ ವಿಷಯ ನಾನು ಎತ್ತಲಿಲ್ಲ, ಅವನೇ ಎತ್ತಿದ.

"ನಿಂಗೊಂದು ಹೇಳಿರ್ಲಿಲ್ಲ. ಟೆಂಪೋ ಅಂದ್ರೆ ಅವಳಿಗೆ ಆಗ್ತಿರ್ಲಿಲ್ಲ. ದೂರದ ಮದುವೆ ಬಂದ್ರೆ ಹತ್ಸಕ್ಕೆ ಬೀದಿ ಜನ ಎಲ್ಲ ಬೇಕಾಗ್ತಿತ್ತು. ಅದಕ್ಕೇ ಮಾರಿದ ದಿನ ಇಬ್ಬರನ್ನ ಕರ್ಸಿದ್ದೆ, ಬೆಲ್ಲ ಇಟ್ಕೊಂಡಿದ್ದೆ. ನನ್ ಬಿಟ್ಟು ಹೋಗಲ್ಲ ಅಂತ ರಂಪ ಮಾಡ್ತಾಳೆ, ಆಗ ಬೇಡ ಅಂದ್ಬಿಡಣ ಅಂತ ಒಳಗೊಳಗೇ ಇತ್ತು."

"ಮಾಡ್ಲಿಲ್ವಾ?"

"ಟೆಂಪೋ ಒಳಗೆ ತಗೊಂಡೋನು ಆಗ್ಲೇ ಇನ್ನೊಂದು ಕುದುರೆ ಕಟ್ಟಿದ್ದ. ಅದನ್ನ ನೋಡಿದ್ಲು ನೋಡು, ನನ್ ಕೈಯಿಂದ ಹಗ್ಗ ಕಿತ್ಕೊಂಡು ಅವಳೇ ಹತ್ತಿದ್ಲು. ಅದರ ಮೂಗಿಗೆ ಮೂಗು ಇಟ್ಕೊಂಡು ನಿಂತ್ಬಿಟ್ಲು. ಬಾಗಿಲು ಹಾಕಿದ್ರೂ ತಿರುಗಿ ನೋಡ್ಲಿಲ್ಲ."

ಇಂಥ ಹೊತ್ತಿನಲ್ಲಿ ಸುಮ್ಮನಿರಲು ನನಗೆ ಬರುವುದಿಲ್ಲ. ಅವಳಿಗೆ ಜೊತೆಯಾದರೂ ಸಿಕ್ಕಿತಲ್ಲ ಎಂದೆ. ಅವನು ಲೋಟದ ತಳದಲ್ಲಿದ್ದ ಕಾಫಿಯನ್ನು ಕಲ್ಲಿನ ಮೇಲೆ ಚೆಲ್ಲಿದ. ಬೆಲ್ಲ ಏನು ಮಾಡಿದೆ ಎಂದು ಕೇಳಿದೆ.

"ನಾನೇ ತಿಂದೆ" ಎಂದು ಹೇಳಿ ಮೂಟೆ ಎತ್ತಲು ಹೋದ.